ಬೊಸಾ ನೋವಾವನ್ನು ಜಗತ್ತಿಗೆ ಮುಟ್ಟಿಸಿದವರು ಯಾರು? ಬರೀ ಸ್ಟಾನ್ ಗೆಟ್ಜ್ ಎಂದರೆ ನಾನು ಒಪ್ಪುವುದಿಲ್ಲ

ಮಂದ್ರಸ್ಥಾಯಿ:

ಬೊಸಾ ನೋವಾ ಬಗ್ಗೆ ಯಾರೇ ಬರೆಯಲಿ, ಕಥೆ ಒಂದೇ ದಾರಿ ಹಿಡಿಯುತ್ತದೆ. ಅಮೆರಿಕದ ಸ್ಯಾಕ್ಸೊಫೋನ್ ವಾದಕ ಸ್ಟಾನ್ ಗೆಟ್ಜ್ ಬ್ರೆಜಿಲ್‌ನ ಮೆಲುದನಿಯ ಸಂಗೀತವೊಂದನ್ನು ಪತ್ತೆ ಹಚ್ಚಿದ, ನುಡಿಸಿದ, ಲೋಕವೆಲ್ಲ ತಲೆದೂಗಿತು. ಬ್ರೆಜಿಲಿನವರು ಈ ಕಥೆಯಲ್ಲಿ ಹಿನ್ನೆಲೆಯ ಕಡಲತೀರ, ತೆಂಗಿನಮರಗಳ ಸಾಲಿಗೆ ಸೇರಿಬಿಡುತ್ತಾರೆ.

ಎಲ್ಲರೂ ಉದಾಹರಿಸುವ 'ಗೆಟ್ಜ್/ಜಿಲ್ಬೆರ್ಟೊ' ಆಲ್ಬಂ ಅನ್ನೇ ತೆಗೆದುಕೊಳ್ಳೋಣ. 1963ರ ಮಾರ್ಚ್ 18 ಮತ್ತು 19ರಂದು ನ್ಯೂಯಾರ್ಕಿನಲ್ಲಿ ಧ್ವನಿಮುದ್ರಣವಾಯಿತು. ಹಾಡು, ಗಿಟಾರ್ ಜೊವಾವ್ ಜಿಲ್ಬೆರ್ಟೊ. ಪಿಯಾನೊ ಆಂಟೊನಿಯೊ ಕಾರ್ಲೊಸ್ ಜೊಬಿಮ್. ಡ್ರಮ್ಸ್ ಮಿಲ್ಟನ್ ಬನಾನಾ. ಬಾಸ್ ಸೆಬಾಸ್ಟಿಯಾವ್ ನೆಟೊ. ಎರಡು ಹಾಡುಗಳಲ್ಲಿ ಆಸ್ಟ್ರುಡ್ ಜಿಲ್ಬೆರ್ಟೊ ದನಿ. ಎಂಟು ಹಾಡುಗಳಲ್ಲಿ ಆರಕ್ಕೆ ರಾಗ ಹಾಕಿದ್ದು ಜೊಬಿಮ್, ಉಳಿದೆರಡು ಸಾಂಬಾ ಎಂಬ ಬ್ರೆಜಿಲ್‌ನ ತಾಳಪ್ರಧಾನ ಸಂಗೀತದ ಹಳೆಯ ಹಾಡುಗಳು. ಐವರು ಬ್ರೆಜಿಲಿನವರ ನಡುವೆ ಕುಳಿತ ಒಬ್ಬನೇ ಅಮೆರಿಕನ್ ವಾದಕ ಗೆಟ್ಜ್. ಅತಿಥಿಯಾಗಿ ಬಂದವನ ಹೆಸರು ಮನೆಯ ಬಾಗಿಲ ಮೇಲೆ ಮೊದಲು ಕೆತ್ತಿದರೆ ಹೇಗೆ?

ಗೆಟ್ಜ್‌ನ ವಾದನ ನನಗೆ ಇಷ್ಟ. ಜಗಳ ಇರುವುದು ಕಥೆಯ ಜೊತೆಗೆ. ತಿಳಿದವರು ಬರೆಯಿರಿ.

ಹೊಸ ಕೇಳುಗ:

ಕ್ಷಮಿಸಿ, ಹೋಟೆಲ್ ಲಾಬಿಯಲ್ಲಿ, ಲಿಫ್ಟ್‌ನಲ್ಲಿ, ಕಾಫಿ ಅಂಗಡಿಗಳಲ್ಲಿ ಕೇಳಿಸುವುದು ಇದೇ ತಾನೇ? ಅದರ ಬಗ್ಗೆ ಜಗಳವಾಡುವಷ್ಟು ಏನಿದೆ ಎಂದು ನಿಜಕ್ಕೂ ತಿಳಿಯಬೇಕಿದೆ. ವ್ಯಂಗ್ಯವಲ್ಲ.

ಎಲ್‌ಪಿ ಪೆಟ್ಟಿಗೆ:

ಮಂದ್ರಸ್ಥಾಯಿ ಅವರೇ, ನಿಮ್ಮ ಲೆಕ್ಕ ಸರಿ. ಆದರೆ ಎರಡನೇ ಅಧ್ಯಾಯದಿಂದ ಓದಲು ಶುರು ಮಾಡಿದ್ದೀರಿ. 1963ರ ಮಾರ್ಚ್‌ನಲ್ಲಿ ಆ ಐವರು ನ್ಯೂಯಾರ್ಕಿನ ಸ್ಟುಡಿಯೊದಲ್ಲಿ ಕೂರಲು ಸಾಧ್ಯವಾದದ್ದು ಹೇಗೆ? ಅದಕ್ಕೆ ಹಿಂದಿನ ವರ್ಷದ ಒಂದು ಆಲ್ಬಂ ಕಾರಣ. ಅದರಲ್ಲಿ ಬ್ರೆಜಿಲ್‌ನ ಒಬ್ಬ ವಾದಕನೂ ಇರಲಿಲ್ಲ!

ಚಾರ್ಲಿ ಬರ್ಡ್ ಎಂಬ ಗಿಟಾರ್ ವಾದಕ 1961ರಲ್ಲಿ ಅಮೆರಿಕದ ವಿದೇಶಾಂಗ ಇಲಾಖೆ ಕಳಿಸಿದ ಪ್ರವಾಸದಲ್ಲಿ ದಕ್ಷಿಣ ಅಮೆರಿಕ ಸುತ್ತಿದ. ಶೀತಲ ಸಮರದ ಕಾಲ. ಸೋವಿಯತ್ ಒಕ್ಕೂಟಕ್ಕೆ ಎದುರಾಗಿ ಅಮೆರಿಕ ಜಾಜ್ ವಾದಕರನ್ನು ರಾಯಭಾರಿಗಳಂತೆ ದೇಶದೇಶಗಳಿಗೆ ಕಳಿಸುತ್ತಿತ್ತು. ಟ್ರಂಪೆಟ್ ವಾದಕ ಡಿಜ್ಜಿ ಗಿಲೆಸ್ಪಿಯೂ 1956ರಲ್ಲೇ ಹಾಗೆ ಬ್ರೆಜಿಲ್‌ಗೆ ಹೋಗಿ ಬಂದಿದ್ದ. ತಮಾಷೆ ನೋಡಿ, ಅಮೆರಿಕದ ಸಂಗೀತವನ್ನು ಹೊರಗೆ ಬಿತ್ತಲು ಹೋದವರು ಅಲ್ಲಿನ ಬೀಜವನ್ನು ಜೇಬಿನಲ್ಲಿಟ್ಟುಕೊಂಡು ಮರಳಿದರು. ಬರ್ಡ್ ತಂಡದ ಬಾಸ್ ವಾದಕ ಕೆಟರ್ ಬೆಟ್ಸ್, ಡ್ರಮ್ಮರ್ ಬಡಿ ಡೆಪೆನ್‌ಶ್ಮಿಟ್ ಇಬ್ಬರೂ ಆ ಲಯಕ್ಕೆ ಮನಸೋತಿದ್ದರು.

ವಾಷಿಂಗ್ಟನ್‌ಗೆ ಮರಳಿದ ಮೇಲೆ ಬರ್ಡ್ ತಾನು ತಂದಿದ್ದ ಗ್ರಾಮಫೋನ್ ತಟ್ಟೆಗಳನ್ನು ಗೆಟ್ಜ್‌ಗೆ ಕೇಳಿಸಿದ. 1962ರ ಫೆಬ್ರವರಿ 13ರಂದು ಅದೇ ಊರಿನ ಆಲ್ ಸೋಲ್ಸ್ ಎಂಬ ಚರ್ಚ್‌ನ ಸಭಾಂಗಣದಲ್ಲಿ, ನಿರ್ಮಾಪಕ ಕ್ರೀಡ್ ಟೇಲರ್ ಉಸ್ತುವಾರಿಯಲ್ಲಿ 'ಜಾಜ್ ಸಾಂಬಾ' ಒಂದೇ ದಿನದಲ್ಲಿ ಮುಗಿಯಿತು. ಮುಂದಿನ ವರ್ಷ ಆ ಆಲ್ಬಂ ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆಯ ಪಾಪ್ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಜಾಜ್ ಆಲ್ಬಂ ಒಂದು ಪಾಪ್ ಪಟ್ಟಿಯ ತುದಿ ಮುಟ್ಟುವುದು ಎಂದರೆ ಸಣ್ಣ ಮಾತಲ್ಲ. ಈ ಯಶಸ್ಸು ಇರದಿದ್ದರೆ ವರ್ವ್ ಎಂಬ ತಟ್ಟೆ ಕಂಪನಿ ಇಂಗ್ಲಿಷ್ ಬಾರದ ಗಾಯಕನೊಬ್ಬನ ಪೋರ್ಚುಗೀಸ್ ಹಾಡುಗಳ ಮೇಲೆ ಹಣ ಹಾಕುತ್ತಿತ್ತೇ?

ಬರ್ಡ್‌ಗೂ ನ್ಯಾಯ ಸಿಗಲಿಲ್ಲ ಎಂಬುದನ್ನು ಸೇರಿಸುತ್ತೇನೆ. ಆ ಆಲ್ಬಂನ 'ದೆಸಾಫಿನಾದೊ' ಹಾಡಿನ ವಾದನಕ್ಕೆ ಗ್ರ್ಯಾಮಿ ಪ್ರಶಸ್ತಿ ಬಂದದ್ದು ಗೆಟ್ಜ್‌ಗೆ ಮಾತ್ರ. ಗೌರವಧನದ ಪಾಲಿಗಾಗಿ ಬರ್ಡ್ ಮುಂದೆ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು.

ಮಂದ್ರಸ್ಥಾಯಿ:

ಬರ್ಡ್ ವಿಷಯ ಒಪ್ಪಿದೆ. ಆದರೆ ಎರಡನೇ ಅಧ್ಯಾಯದ ಆರೋಪ ನಿಮಗೂ ಸಲ್ಲುತ್ತದೆ. ಲೌರಿಂಡೊ ಅಲ್ಮೇಡಾ ಎಂಬ ಬ್ರೆಜಿಲ್‌ನ ಗಿಟಾರ್ ವಾದಕ 1947ರಲ್ಲೇ ಅಮೆರಿಕಕ್ಕೆ ಬಂದು ಸ್ಟಾನ್ ಕೆಂಟನ್‌ನ ಜಾಜ್ ವಾದ್ಯವೃಂದ ಸೇರಿದ್ದ. 1953ರಲ್ಲಿ ಸ್ಯಾಕ್ಸೊಫೋನ್ ವಾದಕ ಬಡ್ ಶ್ಯಾಂಕ್ ಜೊತೆ ಬ್ರೆಜಿಲ್‌ನ ಲಯಗಳನ್ನೂ ಜಾಜನ್ನೂ ಬೆಸೆದು ಧ್ವನಿಮುದ್ರಿಸಿದ. ಬೊಸಾ ನೋವಾ ಹುಟ್ಟುವುದಕ್ಕೂ ಐದು ವರ್ಷ ಮೊದಲು. ಅದು ಬೊಸಾ ನೋವಾ ಅಲ್ಲ, ನಿಜ. ಆದರೂ ದಾರಿ ಇತ್ತು, ಆ ದಾರಿಯಲ್ಲಿ ಮೊದಲು ನಡೆದವನು ಬ್ರೆಜಿಲಿನವನೇ.

ಗಿಟಾರ್ ಮೇಷ್ಟ್ರು:

ಹೊಸ ಕೇಳುಗರ ಪ್ರಶ್ನೆಯನ್ನು ಯಾರೂ ಮುಟ್ಟಲಿಲ್ಲ. ನಾನು ಪಾಠ ಹೇಳುವವನು, ಅಲ್ಲಿಂದಲೇ ಶುರು ಮಾಡುತ್ತೇನೆ.

ಲಿಫ್ಟ್‌ನಲ್ಲಿ ಕೇಳುವುದು ಆ ಸಂಗೀತದ ಹೊರಗಿನ ಸಿಪ್ಪೆ. ಒಳಗಿನದು ಜೊವಾವ್ ಜಿಲ್ಬೆರ್ಟೊ ಅವರ ಬಲಗೈಯಲ್ಲಿದೆ. ಸಾಂಬಾ ಎಂದರೆ ಬೀದಿಯ ಮೆರವಣಿಗೆಯ ಸಂಗೀತ. ಹತ್ತಾರು ಚರ್ಮವಾದ್ಯಗಳು ಅಲ್ಲಿರುತ್ತವೆ. ಅವರು ಅದನ್ನೆಲ್ಲ ಒಂದು ಕೈಗೆ ಇಳಿಸಿದರು. ಹೆಬ್ಬೆರಳು ಮಂದ್ರ ತಂತಿಯ ಮೇಲೆ ಗಡಿಯಾರದಷ್ಟು ಸಮವಾಗಿ ನಡೆಯುತ್ತದೆ, ಅದು ಸುರ್ಡೊ ಎಂಬ ದೊಡ್ಡ ಡೋಲಿನ ಕೆಲಸ. ಉಳಿದ ಮೂರು ಬೆರಳುಗಳು ಒಟ್ಟಿಗೇ ತಂತಿಗಳನ್ನು ಚಿಮ್ಮುತ್ತವೆ, ತಾಂಬೊರಿಮ್ ಎಂಬ ಪುಟ್ಟ ವಾದ್ಯದ ಹಾಗೆ, ತಾಳದ ಪೆಟ್ಟಿಗಿಂತ ಸ್ವಲ್ಪ ಮೊದಲು ಇಲ್ಲವೇ ಪೆಟ್ಟು ದಾಟಿದ ಮೇಲೆ. ಇವೆರಡರ ಮೇಲೆ ದನಿ. ಕಂಪನವಿಲ್ಲದ, ಮಾತನಾಡುವಷ್ಟೇ ಸಣ್ಣ ದನಿ. ಆದರೆ ಅದು ಗಿಟಾರಿನ ಜೊತೆ ಹೆಜ್ಜೆ ಹಾಕುವುದಿಲ್ಲ. ಒಂದು ಸಾಲನ್ನು ಹಿಂದೆ ಎಳೆಯುತ್ತದೆ, ಮುಂದಿನ ಸಾಲನ್ನು ಅವಸರದಲ್ಲಿ ಮುಗಿಸುತ್ತದೆ, ಕೊನೆಗೆ ಇಬ್ಬರೂ ಒಂದೇ ಕಡೆ ಬಂದು ಸೇರುತ್ತಾರೆ. ನನ್ನ ಬಳಿ ಬಂದ ವಿದ್ಯಾರ್ಥಿಗಳು ಗಿಟಾರಿನ ಭಾಗವನ್ನು ಬೇಗ ಕಲಿಯುತ್ತಾರೆ. ಹಾಡುತ್ತ ನುಡಿಸಿ ಎಂದ ಕೂಡಲೇ ಹೆಬ್ಬೆರಳು ದಾರಿ ತಪ್ಪುತ್ತದೆ.

ಈ ಕೈ ಮೊದಲು ಕೇಳಿಸಿದ್ದು 1958ರಲ್ಲಿ, ಇನ್ನೊಬ್ಬರ ಆಲ್ಬಂನಲ್ಲಿ. ಎಲಿಜೆಚ್ ಕಾರ್ಡೊಜೊ ಎಂಬ ಹೆಸರಾಂತ ಗಾಯಕಿ ಜೊಬಿಮ್ ಮತ್ತು ಕವಿ ವಿನಿಸಿಯಸ್ ಡಿ ಮೊರಾಯಸ್ ಅವರ ಹಾಡುಗಳನ್ನು ಹಾಡಿದಾಗ ಎರಡು ಹಾಡುಗಳಿಗೆ ಜೊವಾವ್ ಗಿಟಾರ್ ನುಡಿಸಿದರು. ಅದೇ ವರ್ಷ ಅವುಗಳಲ್ಲಿ ಒಂದಾದ 'ಶೆಗಾ ಜಿ ಸೌದಾಜಿ'ಯನ್ನು ತಾವೇ ಹಾಡಿ 78 ಸುತ್ತಿನ ತಟ್ಟೆ ಹೊರತಂದರು. ಎರಡು ನಿಮಿಷದ ಹಾಡು. ಮೊದಲರ್ಧ ಮೈನರ್ ಎಂಬ ವಿಷಾದದ ಸ್ವರಶ್ರೇಣಿಯಲ್ಲಿ ಕೊರಗುತ್ತದೆ, ಎರಡನೆಯ ಅರ್ಧ ಮೇಜರ್ ಎಂಬ ಬೆಳಕಿನ ಶ್ರೇಣಿಗೆ ಹೊರಳಿ ಹಗುರಾಗುತ್ತದೆ. ಬ್ರೆಜಿಲ್‌ನ ಒಂದು ತಲೆಮಾರು ಗಿಟಾರ್ ಹಿಡಿದದ್ದು ಆ ಎರಡು ನಿಮಿಷದಿಂದ.

ಇನ್ನು ಜೊಬಿಮ್. 'ಒಂದೇ ಸ್ವರದ ಸಾಂಬಾ' ಎಂಬ ಹಾಡನ್ನು ಅವರು ಮತ್ತು ಗೆಳೆಯ ನ್ಯೂಟನ್ ಮೆಂಡೊನ್ಸಾ ಬರೆದರು. ಹಾಡುಗಾರ ಒಂದೇ ಸ್ವರವನ್ನು ಮತ್ತೆ ಮತ್ತೆ ಹಿಡಿದು ಕೂರುತ್ತಾನೆ. ಕೆಳಗೆ ಕಾರ್ಡ್‌ಗಳು, ಅಂದರೆ ಒಟ್ಟಿಗೆ ನುಡಿಯುವ ಸ್ವರಗುಚ್ಛಗಳು, ಒಂದೊಂದೇ ಅರ್ಧಸ್ವರ ಜಾರುತ್ತ ಇಳಿಯುತ್ತವೆ. ನಮ್ಮಲ್ಲಿ ತಂಬೂರಿ ಅಲುಗದೆ ನಿಂತಿರುತ್ತದೆ, ಅದರ ಮೇಲೆ ಗಾಯಕ ಅಲೆಯುತ್ತಾನೆ. ಇಲ್ಲಿ ಗಾಯಕನೇ ತಂಬೂರಿಯಾಗಿ ನಿಂತು, ಕಾಲ ಕೆಳಗಿನ ನೆಲವೇ ಚಲಿಸುತ್ತದೆ. ಹಾಡಿದ ಸ್ವರ ಒಂದೇ ಆದರೂ ಪ್ರತಿ ಕಾರ್ಡ್‌ನೊಡನೆ ಅದರ ಬಣ್ಣ ಬೇರೆ. ಈ ರುಚಿ ಹತ್ತಿದವರಿಗೆ ಲಿಫ್ಟ್ ನೆನಪಾಗುವುದಿಲ್ಲ.

ಹೊಸ ಕೇಳುಗ:

ಮೇಷ್ಟ್ರೇ, ಧನ್ಯವಾದ. ತಂಬೂರಿಯ ಮಾತು ಓದಿದ ಮೇಲೆ ಆ ಹಾಡು ಹಾಕಿಕೊಂಡೆ. ಈಗ ಅರ್ಥವಾಗುತ್ತಿದೆ. ಆದರೆ ಇದರಲ್ಲಿ ಜಾಜ್ ಎಲ್ಲಿ ಬಂತು? ನೀವು ಹೇಳಿದ್ದೆಲ್ಲ ಬ್ರೆಜಿಲ್ ಸರಕೇ.

ಕರಿಕಾಫಿ:

ಇಲ್ಲೇ ಹಳೆಯ ಜಗಳವೊಂದಿದೆ, ಬ್ರೆಜಿಲ್‌ನ ಒಳಗಿನ ಜಗಳ.

ರಿಯೊ ನಗರದ ದಕ್ಷಿಣ ಭಾಗದ ಮಧ್ಯಮವರ್ಗದ ಹುಡುಗರು 1950ರ ದಶಕದಲ್ಲಿ ಅಮೆರಿಕದ ತಟ್ಟೆಗಳನ್ನು ಹುಡುಕಿ ಹುಡುಕಿ ಕೇಳುತ್ತಿದ್ದರು. ಅಮೆರಿಕದ ಗಾಯಕ ಫ್ರಾಂಕ್ ಸಿನಾತ್ರಾ ಮತ್ತು ಬ್ರೆಜಿಲ್‌ನ ಗಾಯಕ ಡಿಕ್ ಫಾರ್ನಿ, ಇಬ್ಬರ ಹೆಸರನ್ನೂ ಜೋಡಿಸಿ ಅಭಿಮಾನಿ ಸಂಘವೇ ಕಟ್ಟಿಕೊಂಡಿದ್ದರು. ಗಾಯಕಿ ಜೂಲಿ ಲಂಡನ್ ಹಾಡಿಗೆ ಬಾರ್ನಿ ಕೆಸೆಲ್ ನುಡಿಸಿದ ಗಿಟಾರ್, ಚೆಟ್ ಬೇಕರ್‌ನ ಮೆತ್ತನೆಯ ದನಿ, ಸ್ಯಾಕ್ಸೊಫೋನ್ ವಾದಕ ಗೆರಿ ಮಲಿಗನ್, ಎಲ್ಲವೂ ಅವರ ಕಿವಿಯಲ್ಲಿತ್ತು. ಹಾಗಾಗಿ ಜಾಜ್ ಮತ್ತು ಬೊಸಾ ನೋವಾ 1962ರಲ್ಲಿ ಮೊದಲ ಸಲ ಭೇಟಿಯಾದವು ಎಂಬುದು ಸುಳ್ಳು. ಗೆಟ್ಜ್‌ಗೆ ಆ ಸಂಗೀತ ಅಷ್ಟು ಬೇಗ ಒಲಿದದ್ದೇಕೆ? ತನ್ನ ಊರಿನ ನೀರು ಅದರಲ್ಲಿ ಮೊದಲೇ ಬೆರೆತಿತ್ತು.

ಇದೇ ಕಾರಣಕ್ಕೆ ವಿಮರ್ಶಕ ಜೊಸೆ ರಾಮೊಸ್ ತಿನ್ಯೊರಾವ್ ಜೀವನವಿಡೀ ಬೊಸಾ ನೋವಾವನ್ನು ಜರೆದರು. ಅವರ ದೃಷ್ಟಿಯಲ್ಲಿ ಅದು ಬಡ ಕಪ್ಪುಜನರ ಸಾಂಬಾವನ್ನು ಬಿಳಿಯ ಮಧ್ಯಮವರ್ಗ ಕಿತ್ತುಕೊಂಡು ಅಮೆರಿಕದ ಬಟ್ಟೆ ತೊಡಿಸಿದ ಕೂಸು. ನನಗೆ ಅವರ ತೀರ್ಪು ಅತಿಯಾಯಿತು ಎನಿಸುತ್ತದೆ, ಆದರೆ ಪ್ರಶ್ನೆ ಮಾತ್ರ ಚುಚ್ಚುತ್ತದೆ. ಜಾನಿ ಆಲ್ಫ್ ಹೆಸರನ್ನು ನಮ್ಮಲ್ಲಿ ಎಷ್ಟು ಜನ ಕೇಳಿದ್ದಾರೆ? ಕಪ್ಪು ಪಿಯಾನೊ ವಾದಕ. 1950ರ ದಶಕದ ಆರಂಭದಲ್ಲೇ ಸಾಂಬಾಗೆ ಜಾಜ್‌ನ ಕಾರ್ಡ್‌ಗಳನ್ನು ಹೊಂದಿಸಿ ರಿಯೊದ ಕೊಪಕಬಾನಾ ಬಡಾವಣೆಯ ಹೋಟೆಲಿನಲ್ಲಿ ನುಡಿಸುತ್ತಿದ್ದರು. ಆಗ ಅದನ್ನು ಕೇಳಲು ಹೋಗುತ್ತಿದ್ದವರಲ್ಲಿ ಮುಂದೆ ದೊಡ್ಡವರಾದ ಅನೇಕರಿದ್ದರು. ಬೊಸಾ ನೋವಾ ಎಂಬ ಹೆಸರು ಹಬ್ಬುವ ಹೊತ್ತಿಗೆ ಅವರು ಸಾವೊ ಪಾವ್ಲೊಗೆ ಹೋಗಿಯಾಗಿತ್ತು. ನ್ಯೂಯಾರ್ಕಿನ ಕಾರ್ನೆಗಿ ಹಾಲ್ ವೇದಿಕೆಯಲ್ಲಂತೂ ಅವರಿರಲಿಲ್ಲ.

ಎಲ್‌ಪಿ ಪೆಟ್ಟಿಗೆ:

ಕಾರ್ನೆಗಿ ಹಾಲ್ ಹೆಸರೆತ್ತಿದಿರಿ, ಬಿಡುವ ಹಾಗಿಲ್ಲ. ಮಂದ್ರಸ್ಥಾಯಿ ಅವರ ವಾದಕ್ಕೆ ಬಲ ಕೊಡುವ ಪ್ರಸಂಗವೂ ಹೌದು.

1962ರ ನವೆಂಬರ್ 21, ಮಳೆಯ ರಾತ್ರಿ. ಆಡಿಯೊ ಫಿಡೆಲಿಟಿ ಎಂಬ ತಟ್ಟೆ ಕಂಪನಿಯ ಸಿಡ್ನಿ ಫ್ರೇ ಏರ್ಪಡಿಸಿದ ಕಾರ್ಯಕ್ರಮ, ಬ್ರೆಜಿಲ್ ವಿದೇಶಾಂಗ ಸಚಿವಾಲಯದ ನೆರವು ಬೇರೆ. ಅಮೆರಿಕ ಬರ್ಡ್‌ನನ್ನು ಕಳಿಸಿದ ಹಾಗೆ ಬ್ರೆಜಿಲ್ ಕೂಡ ತನ್ನವರನ್ನು ಕಳಿಸಿತು. ಜೊವಾವ್, ಜೊಬಿಮ್, ಲೂಯಿಸ್ ಬೊನ್‌ಫಾ, ಕಾರ್ಲೊಸ್ ಲೀರಾ, ರಾಬರ್ಟೊ ಮೆನೆಸ್ಕಾಲ್, ಸೆರ್ಜಿಯೊ ಮೆಂಡೆಸ್, ಆಸ್ಕರ್ ಕಾಸ್ಟ್ರೊ ನೆವೆಸ್, ಆಗೊಸ್ಟಿನ್ಯೊ ಡೊಸ್ ಸಾಂಟೊಸ್. ವೇದಿಕೆಗೆ ಹತ್ತಿದವರ ಸಂಖ್ಯೆ ಮಿತಿಮೀರಿತ್ತು, ಕೆಲವರಿಗೆ ಅದಕ್ಕೆ ಮೊದಲು ಅಂಥ ದೊಡ್ಡ ಸಭಾಂಗಣದ ಅನುಭವವೇ ಇರಲಿಲ್ಲ. ಎಲ್ಲ ಕಡೆ ಮೈಕುಗಳು, ಆದರೆ ಅವು ಧ್ವನಿಮುದ್ರಣಕ್ಕೆ. ಸಭಾಂಗಣದಲ್ಲಿ ಕುಳಿತವರಿಗೆ ಸರಿಯಾಗಿ ಕೇಳಿಸಲೇ ಇಲ್ಲ. ಬ್ರೆಜಿಲ್‌ನ ಪತ್ರಿಕೆಗಳು ಅದನ್ನು ಸೋಲೆಂದೇ ಬರೆದವು.

ಇದಕ್ಕಿಂತ ಸೊಗಸಾದ ಸೋಲನ್ನು ನಾನು ಕಂಡಿಲ್ಲ. ಕೆಲವರು ನ್ಯೂಯಾರ್ಕಿನಲ್ಲೇ ಉಳಿದರು. ಮೆಂಡೆಸ್ ಮುಂದಿನ ತಿಂಗಳೇ ಜಾಜ್ ಸ್ಯಾಕ್ಸೊಫೋನ್ ವಾದಕ ಕ್ಯಾನನ್‌ಬಾಲ್ ಆ್ಯಡರ್ಲಿ ಜೊತೆ ಒಂದು ಆಲ್ಬಂ ಮಾಡಿದ. ಜೊಬಿಮ್ ಮತ್ತು ಜೊವಾವ್ ನಾಲ್ಕು ತಿಂಗಳ ನಂತರ ಗೆಟ್ಜ್ ಜೊತೆ ಸ್ಟುಡಿಯೊದಲ್ಲಿದ್ದರು.

ಕರಿಕಾಫಿಯವರಿಗೆ ಒಂದು ಕೊಸರು. ಅಂದು ಕಾರ್ಲೊಸ್ ಲೀರಾ ಹಾಡಿದ್ದು ಜಾಜ್‌ನ ಪ್ರಭಾವದಿಂದ ಸಾಂಬಾ ಕೆಟ್ಟು ಕೂತಿದೆ ಎಂದು ಛೇಡಿಸುವ ತನ್ನದೇ ಹಾಡು. ಅದರ ರಾಗವೂ ಕಾರ್ಡ್‌ಗಳೂ ಜಾಜ್‌ನಿಂದಲೇ ತುಂಬಿವೆ. ಹಾಡಿದ್ದು ನ್ಯೂಯಾರ್ಕಿನಲ್ಲಿ!

ಕರಿಕಾಫಿ:

ಲೀರಾ ಹಾಡು ನೆನಪಿಸಿದ್ದಕ್ಕೆ ಧನ್ಯವಾದ. ತಿನ್ಯೊರಾವ್ ಅದನ್ನು ಕೇಳಿ ನಕ್ಕಿರಲಾರರು.

ಲಯಗಾರ:

ನಾನು ಮೃದಂಗ ಕಲಿತವನು, ಆಮೇಲೆ ಡ್ರಮ್ಸ್‌ಗೆ ಬಂದವನು. ಇಷ್ಟು ಹೊತ್ತು ಎಲ್ಲರೂ ಗಿಟಾರ್, ಸ್ಯಾಕ್ಸೊಫೋನ್ ಎನ್ನುತ್ತಿದ್ದೀರಿ. ಜಾಜ್ ವಾದಕರು ಈ ಸಂಗೀತವನ್ನು ಎತ್ತಿಕೊಂಡಾಗ ಏನನ್ನು ಕೆಳಗೆ ಬೀಳಿಸಿದರು ಎಂಬುದು ತಾಳದಲ್ಲಿ ಗೊತ್ತಾಗುತ್ತದೆ.

ಸಾಂಬಾ ನಡೆಯುವುದು ಎರಡೇ ಎಣಿಕೆಯಲ್ಲಿ. ಅಮೆರಿಕದವರು ಅದನ್ನು ನಾಲ್ಕು ಎಣಿಕೆಯಲ್ಲಿ ಬರೆದುಕೊಂಡರು. ಕಾಗದದ ಮೇಲೆ ಲೆಕ್ಕ ಸರಿಹೋಗುತ್ತದೆ, ಆದರೆ ಭಾರ ಬೀಳುವ ಜಾಗ ಬೇರೆಯಾಗುತ್ತದೆ, ನಡಿಗೆ ಅಗಲವಾಗುತ್ತದೆ. ಇನ್ನೊಂದು, ಡ್ರಮ್‌ನ ಅಂಚಿನ ಮೇಲೆ ಕೋಲು ಅಡ್ಡ ಇಟ್ಟು ಟಕ್ ಟಕ್ ಎನಿಸುವ ಆ ಪ್ರಸಿದ್ಧ ಪೆಟ್ಟು. ಅಮೆರಿಕದ ಪಠ್ಯಗಳಲ್ಲಿ ಅದು ಎರಡು ಆವರ್ತದ ಒಂದು ಅಚ್ಚಾಗಿ ಕೂತುಬಿಟ್ಟಿದೆ. ಕ್ಯೂಬಾ ಸಂಗೀತದ ಕ್ಲಾವೆ ಎಂಬ ಬದಲಾಗದ ಲಯದ ಹಾಗೆ ಅದೇ ಅಚ್ಚನ್ನು ಹಾಡಿನ ಮೊದಲಿನಿಂದ ಕೊನೆಯವರೆಗೆ ಒತ್ತುತ್ತಾರೆ. ಮಿಲ್ಟನ್ ಬನಾನಾ ಹಾಗೆ ನುಡಿಸುವುದಿಲ್ಲ. ಅವನ ಕೋಲು ಜೊವಾವ್‌ನ ಬೆರಳುಗಳನ್ನು ಆಲಿಸುತ್ತ ಜಾಗ ಬದಲಿಸುತ್ತದೆ, ಕೆಲವೊಮ್ಮೆ ಸುಮ್ಮನಿದ್ದುಬಿಡುತ್ತದೆ. ಲಿಫ್ಟ್ ಸಂಗೀತ ಹುಟ್ಟಿದ್ದು ಆ ಅಚ್ಚಿನಿಂದ. ಹೊಸ ಕೇಳುಗರ ದೂರು ಸುಳ್ಳಲ್ಲ, ವಿಳಾಸ ಮಾತ್ರ ಬೇರೆ.

ಎಲ್‌ಪಿ ಪೆಟ್ಟಿಗೆ:

ಲಯಗಾರರ ಮಾತಿಗೆ ನನ್ನದೂ ಒಂದು ಒಗ್ಗರಣೆ. 1962-63ರಲ್ಲಿ ಅಮೆರಿಕದಲ್ಲಿ ಬೊಸಾ ನೋವಾ ಹುಚ್ಚು ಹಿಡಿದಿತ್ತು. ಎಲ್ವಿಸ್ ಪ್ರೀಸ್ಲಿ, ಈಡಿ ಗೋರ್ಮೆ ಆ ಹೆಸರಿಟ್ಟುಕೊಂಡು ಹಾಡುಗಳನ್ನು ಹಾಡಿದರು. ಅವುಗಳಲ್ಲಿ ಬೊಸಾ ನೋವಾ ಇರುವುದು ಹೆಸರಿನಲ್ಲಿ ಮಾತ್ರ. ಅದನ್ನೊಂದು ಹೊಸ ನೃತ್ಯವೆಂದು ಮಾರಿದರು. ರಿಯೊದಲ್ಲಿ ಯಾರೂ ಅದಕ್ಕೆ ಕುಣಿದವರಲ್ಲ, ಕುಳಿತು ಕೇಳಿದವರು.

ಆದರೆ ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಕೊಳಲು ವಾದಕ ಹರ್ಬಿ ಮ್ಯಾನ್ 1962ರಲ್ಲಿ ನೇರವಾಗಿ ರಿಯೊಗೇ ಹೋಗಿ ಗಿಟಾರ್ ವಾದಕ ಬೇಡನ್ ಪಾವೆಲ್, ಮೆಂಡೆಸ್, ಜೊಬಿಮ್ ಜೊತೆ ಅಲ್ಲೇ ಧ್ವನಿಮುದ್ರಿಸಿದ. ಟ್ರಂಪೆಟ್ ವಾದಕ ಕೆನ್ನಿ ಡಾರ್ಹಮ್ ಬರೆದ 'ಬ್ಲೂ ಬೊಸಾ'ವನ್ನು ಸ್ಯಾಕ್ಸೊಫೋನ್ ವಾದಕ ಜೋ ಹೆಂಡರ್ಸನ್ 1963ರಲ್ಲಿ ನುಡಿಸಿದ್ದು ಬ್ರೆಜಿಲ್‌ನ ನಕಲಲ್ಲ, ಜಾಜ್ ಅದನ್ನು ಜೀರ್ಣಿಸಿಕೊಂಡ ಪರಿ. ಇಂದಿಗೂ ಜಾಜ್ ಕಲಿಯುವ ಮಕ್ಕಳು ಮೊದಲು ನುಡಿಸುವ ಹತ್ತು ರಾಗಗಳಲ್ಲಿ ಅದು ಇರುತ್ತದೆ.

ಪಡುವಣದವಳು:

ಐವರು ಬ್ರೆಜಿಲಿನವರು ಎಂದು ಎಣಿಸಿದಿರಿ, ಅವರಲ್ಲಿ ಒಬ್ಬಳೇ ಹೆಣ್ಣು. ಅವಳ ಬಗ್ಗೆ ಯಾರೂ ಒಂದು ಸಾಲು ಮುಂದುವರಿಸಲಿಲ್ಲ.

ಆಸ್ಟ್ರುಡ್‌ಗೆ ಆಗ 22 ವರ್ಷ, ಜೊವಾವ್‌ನ ಹೆಂಡತಿ. ಇಂಗ್ಲಿಷ್ ಬಲ್ಲವಳು. ಜೊಬಿಮ್‌ನ 'ದ ಗರ್ಲ್ ಫ್ರಮ್ ಇಪನೆಮಾ' ಹಾಡಿಗೆ ನಾರ್ಮನ್ ಗಿಂಬೆಲ್ ಬರೆದ ಇಂಗ್ಲಿಷ್ ಸಾಹಿತ್ಯವನ್ನು ಹಾಡಲು ಒಬ್ಬರು ಬೇಕಿತ್ತು. ಮೊದಲು ಜೊವಾವ್ ಪೋರ್ಚುಗೀಸ್‌ನಲ್ಲಿ, ಆಮೇಲೆ ಅವಳು ಇಂಗ್ಲಿಷ್‌ನಲ್ಲಿ, ನಂತರ ಗೆಟ್ಜ್. ಆಲ್ಬಂನಲ್ಲಿ ಈ ಹಾಡು ಐದು ನಿಮಿಷಕ್ಕೂ ಮಿಕ್ಕಿ ಇದೆ. 1964ರಲ್ಲಿ ಅದನ್ನು ಸಿಂಗಲ್ ಆಗಿ, ಅಂದರೆ ಬಿಡಿ ಹಾಡಿನ ತಟ್ಟೆಯಾಗಿ, ಹೊರತರುವಾಗ ರೇಡಿಯೊಗೆ ಉದ್ದವಾಯಿತೆಂದು ಕತ್ತರಿಸಿದರು. ಕತ್ತರಿ ಬಿದ್ದದ್ದು ಜೊವಾವ್‌ನ ದನಿಗೆ! ಬೊಸಾ ನೋವಾದ ಅತಿ ಹೆಚ್ಚು ಪ್ರಸಿದ್ಧ ತಟ್ಟೆಯಲ್ಲಿ ಅದನ್ನು ಕಟ್ಟಿದವನು ಹಾಡುವುದೇ ಇಲ್ಲ. ಆ ಸಿಂಗಲ್ ಅಮೆರಿಕದ ಪಟ್ಟಿಯಲ್ಲಿ ಐದನೆಯ ಸ್ಥಾನಕ್ಕೆ ಹೋಯಿತು, ಬೀಟಲ್ಸ್ ಅಬ್ಬರದ ನಡುವೆ. 1965ರ ಗ್ರ್ಯಾಮಿಯಲ್ಲಿ ವರ್ಷದ ಆಲ್ಬಂ, ವರ್ಷದ ತಟ್ಟೆ ಎರಡೂ ಪ್ರಶಸ್ತಿ ಬಂದವು.

ಈಗ ಆಲ್ಬಂನ ಮುಖಪುಟ ನೋಡಿ. ಗೆಟ್ಜ್ ಹೆಸರಿದೆ, ಜೊವಾವ್ ಹೆಸರಿದೆ, ಜೊಬಿಮ್ ಹೆಸರೂ ಇದೆ. ಲೋಕದ ಕಿವಿಗೆ ಬಿದ್ದ ದನಿಯ ಹೆಸರಿಲ್ಲ. ಬ್ರೆಜಿಲ್‌ನ ಪತ್ರಕರ್ತ ರುಯ್ ಕಾಸ್ಟ್ರೊ ದಾಖಲಿಸಿರುವ ಪ್ರಕಾರ ಅವಳಿಗೆ ಸಿಕ್ಕಿದ್ದು ಸಂಗೀತಗಾರರ ಸಂಘ ನಿಗದಿ ಮಾಡಿದ ಒಂದು ದಿನದ ಕೂಲಿ, 120 ಡಾಲರ್. ಅವಳನ್ನು ತಾವೇ ಕಂಡುಹಿಡಿದೆವು ಎಂದು ಗಂಡಸರು ಸಾಲುಗಟ್ಟಿ ಹೇಳಿಕೊಂಡರು. ಅವಳೋ ಮುಂದೆ ದಶಕಗಳ ಕಾಲ ತನ್ನದೇ ಆಲ್ಬಂಗಳನ್ನು ಹಾಡಿದಳು, 2023ರಲ್ಲಿ ತೀರಿಕೊಂಡಾಗ ಪತ್ರಿಕೆಗಳ ತಲೆಬರಹದಲ್ಲಿ ಮತ್ತೆ ಅದೇ ಒಂದು ಹಾಡು.

ಮಂದ್ರಸ್ಥಾಯಿ:

ಪಡುವಣದವಳು ಅವರೇ, ಸರಿಯಾದ ಏಟು. ಮುಖಪುಟದ ಮಾತು ಬಂದದ್ದರಿಂದ ಇನ್ನೊಂದು. ಹಿಂಬದಿಯಲ್ಲಿ ಬಾಸ್ ವಾದಕನ ಹೆಸರು ಟಾಮಿ ವಿಲಿಯಮ್ಸ್ ಎಂದು ಅಚ್ಚಾಯಿತು. ಅವನು ಗೆಟ್ಜ್ ತಂಡದ ಅಮೆರಿಕನ್. ನುಡಿಸಿದ್ದು ನೆಟೊ. ಬಹಳ ವರ್ಷ ಆ ತಪ್ಪು ಹಾಗೇ ಮುದ್ರಣವಾಗುತ್ತಿತ್ತು.

ಎಲ್‌ಪಿ ಪೆಟ್ಟಿಗೆ:

ಹೌದು, ಹಳೆಯ ಪ್ರತಿಗಳಲ್ಲಿ ಹಾಗೇ ಇದೆ. ಇದರಲ್ಲಿ ಸಂಚು ಹುಡುಕಬೇಡಿ, ಕಚೇರಿಯ ಬೇಜವಾಬ್ದಾರಿ ಅಷ್ಟೇ. ಪರಿಣಾಮ ಒಂದೇ ಆಯಿತು, ಒಪ್ಪಿಕೊಳ್ಳುತ್ತೇನೆ.

ಸ್ಟುಡಿಯೊದ ಆ ಎರಡು ದಿನದ ಒಂದು ಪ್ರಸಂಗವನ್ನು ಬ್ರೆಜಿಲಿನವರು ಇಂದಿಗೂ ಹೇಳಿಕೊಂಡು ನಗುತ್ತಾರೆ. ಗೆಟ್ಜ್ ನುಡಿಸುವ ರೀತಿ ಜೊವಾವ್‌ಗೆ ಹಿಡಿಸಲಿಲ್ಲ. ಈ ಪರದೇಶಿ ಶುದ್ಧ ದಡ್ಡ ಎಂದು ಅವನಿಗೆ ಹೇಳು ಎಂದು ಜೊಬಿಮ್‌ಗೆ ಪೋರ್ಚುಗೀಸ್‌ನಲ್ಲಿ ಹೇಳಿದನಂತೆ. ಜೊಬಿಮ್ ಗೆಟ್ಜ್ ಕಡೆ ತಿರುಗಿ, ನಿಮ್ಮ ಜೊತೆ ನುಡಿಸುವುದು ಅವನ ಬಹುದಿನದ ಕನಸಾಗಿತ್ತಂತೆ ಎಂದು ಅನುವಾದಿಸಿದನಂತೆ. ದನಿ ಕೇಳಿದರೆ ಹಾಗೆ ಅನ್ನಿಸುವುದಿಲ್ಲವಲ್ಲ ಎಂದ ಗೆಟ್ಜ್. ಎಷ್ಟು ನಿಜವೋ, ಜೊಬಿಮ್‌ನ ಸ್ವಭಾವಕ್ಕಂತೂ ಒಪ್ಪುತ್ತದೆ.

ಗಿಟಾರ್ ಮೇಷ್ಟ್ರು:

ಆ ಪ್ರಸಂಗ ನಗುವಿಗೆ ಸರಿ. ಆದರೆ ಜೊಬಿಮ್ ನಿಜವಾಗಿ ಮಾಡಿದ್ದು ಅದೇ ಕೆಲಸ, ಮೂವತ್ತು ವರ್ಷ ಕಾಲ, ಎರಡು ದೇಶಗಳ ನಡುವೆ ನಿಂತು. ಸಾಹಿತ್ಯ ಇಂಗ್ಲಿಷ್‌ಗೆ ಹೋಗುವಾಗ ಪ್ರತಿ ಸಲವೂ ಕಾದಾಟ. ಅಮೆರಿಕದ ಕೇಳುಗರಿಗೆ ಇಪನೆಮಾ ಎಂಬ ಹೆಸರು ತಿಳಿಯುವುದಿಲ್ಲ ಎಂದು ಗಿಂಬೆಲ್ ಅದನ್ನು ಕೈಬಿಡಲು ನೋಡಿದರು, ಜೊಬಿಮ್ ಬಿಡಲಿಲ್ಲ. ತಮ್ಮ ಮನೆಯಿಂದ ಕೆಲವೇ ಹೆಜ್ಜೆ ದೂರದ ಕಡಲತೀರದ ಹೆಸರು ಅದು, ಹೇಗೆ ಬಿಟ್ಟಾರು? ಇಂದು ಬ್ರೆಜಿಲ್‌ನ ನಕ್ಷೆ ನೋಡದವರಿಗೂ ಆ ಹೆಸರು ಗೊತ್ತು.

1967ರಲ್ಲಿ ಸಿನಾತ್ರಾ ಜೊತೆಗಿನ ಆಲ್ಬಂ. ವಾದ್ಯವೃಂದ ಹೊಂದಿಸಿದವರು ಜರ್ಮನಿಯ ಕ್ಲೌಸ್ ಓಗರ್‌ಮನ್. ಸಿನಾತ್ರಾ ಅಷ್ಟು ಸಣ್ಣ ದನಿಯಲ್ಲಿ ಅದಕ್ಕೆ ಮೊದಲು ಹಾಡಿರಲಿಲ್ಲ. ರಿಯೊದ ಹುಡುಗರು ಅಭಿಮಾನಿ ಸಂಘ ಕಟ್ಟಿಕೊಂಡು ಯಾರನ್ನು ಕೇಳುತ್ತಿದ್ದರೋ, ಆ ಗಾಯಕನೇ ಬ್ರೆಜಿಲ್‌ನ ಹಾಡಿಗೆ ತನ್ನ ದನಿ ತಗ್ಗಿಸಬೇಕಾಯಿತು. ನನ್ನ ಪ್ರಕಾರ ಈ ಚರ್ಚೆಗೆ ಉತ್ತರ ಗೆಟ್ಜ್ ಆಲ್ಬಂಗಿಂತ ಇದರಲ್ಲೇ ಹೆಚ್ಚು ಇದೆ. ಗೆಟ್ಜ್ ತನ್ನ ಹಾಗೆಯೇ ನುಡಿಸಿದರು, ಅದು ಚೆನ್ನಾಗಿ ಹೊಂದಿತು. ಸಿನಾತ್ರಾ ಬದಲಾಗಬೇಕಾಯಿತು.

ಕರಿಕಾಫಿ:

ಮೇಷ್ಟ್ರ ಮಾತು ಚೆನ್ನಾಗಿದೆ, ಆದರೆ ಆ ಹೊತ್ತಿಗೆ ಬ್ರೆಜಿಲ್‌ನಲ್ಲಿ ಏನಾಗಿತ್ತು ಎಂಬುದನ್ನೂ ಪಕ್ಕದಲ್ಲಿಟ್ಟು ನೋಡಿ.

ಗೆಟ್ಜ್/ಜಿಲ್ಬೆರ್ಟೊ ಅಂಗಡಿಗೆ ಬಂದದ್ದು 1964ರ ಮಾರ್ಚ್‌ನಲ್ಲಿ. ಅದೇ ತಿಂಗಳ ಕೊನೆಯ ದಿನ ಬ್ರೆಜಿಲ್‌ನ ಸೇನೆ ದಂಗೆ ಎದ್ದಿತು. ಅಲ್ಲಿಂದ 1985ರವರೆಗೆ ಸೈನಿಕ ಆಡಳಿತ. ಜಗತ್ತು ಸೂರ್ಯ, ಕಡಲು, ಸುಂದರಿ ಎಂದು ತೇಲುತ್ತಿದ್ದಾಗ ಆ ಹಾಡಿನ ನಾಡಿನಲ್ಲಿ ಸಂಗೀತದ ದಿಕ್ಕೇ ಬದಲಾಗಿತ್ತು. ಕೊಪಕಬಾನಾದ ತನ್ನ ಅಪ್ಪ ಅಮ್ಮನ ಫ್ಲಾಟ್‌ನಲ್ಲಿ ಬೊಸಾ ನೋವಾ ಗುಂಪನ್ನು ಕೂಡಿಸುತ್ತಿದ್ದ ನಾರಾ ಲಿಯಾವ್ 1964ರ ಡಿಸೆಂಬರ್‌ನಲ್ಲಿ 'ಒಪಿನಿಯಾವ್' ಎಂಬ ಪ್ರದರ್ಶನದಲ್ಲಿ ಬೆಟ್ಟದ ಬಡಾವಣೆಯ ಸಾಂಬಾ ಕವಿ ಜೆ ಕೇಟಿ, ಈಶಾನ್ಯದ ಜೊವಾವ್ ದೊ ವಾಲೆ ಪಕ್ಕ ನಿಂತು ಪ್ರತಿಭಟನೆಯ ಹಾಡು ಹಾಡಿದಳು. ವಿನಿಸಿಯಸ್ ರಾಯಭಾರ ಸೇವೆಯಲ್ಲಿದ್ದ ಕವಿ, ಮುಂದೆ ಸೈನಿಕ ಆಡಳಿತ ಅವನನ್ನು ಆ ಕೆಲಸದಿಂದ ಕಿತ್ತುಹಾಕಿತು.

ಅಂದರೆ ಬೊಸಾ ನೋವಾ ಲೋಕಕ್ಕೆ ಹೊಸದೆನಿಸಿದಾಗ ತವರಿನಲ್ಲಿ ಅದು ಹಳತಾಗುತ್ತಿತ್ತು. ಅದು ಹೊರಗೆ ಉಳಿದದ್ದಕ್ಕೆ ಜಾಜ್ ವಾದಕರು ಕಾರಣ, ಇದನ್ನು ತಿನ್ಯೊರಾವ್ ಶಿಷ್ಯನಾದ ನಾನೂ ಒಪ್ಪಬೇಕು.

ಮಂದ್ರಸ್ಥಾಯಿ:

ಈ ಕೋನ ನನಗೆ ಹೊಳೆದಿರಲಿಲ್ಲ. ಆದರೂ ಒಂದು ತಕರಾರು. ಹೊರಗೆ ಉಳಿಸಿದವರಲ್ಲಿ ಬ್ರೆಜಿಲಿನವರ ಪಾಲು ಕಡಿಮೆಯೇನಲ್ಲ. ಮೆಂಡೆಸ್ 1966ರಲ್ಲಿ ಅಮೆರಿಕದ ಗಾಯಕಿಯರನ್ನು ಸೇರಿಸಿಕೊಂಡು ಜೊರ್ಜಿ ಬೆನ್ ಬರೆದ 'ಮಾಸ್ ಕಿ ನಾಡಾ' ಹಾಡನ್ನು ಪೋರ್ಚುಗೀಸ್‌ನಲ್ಲೇ ಜನಪ್ರಿಯಗೊಳಿಸಿದ. ಆಸ್ಕರ್ ಕಾಸ್ಟ್ರೊ ನೆವೆಸ್ ಅಲ್ಲೇ ನೆಲೆಸಿ ವಾದ್ಯ ಹೊಂದಿಸುವ ಕೆಲಸ ಮಾಡಿದ. ಜೊವಾವ್ 2003ರಲ್ಲಿ ಟೋಕಿಯೊಗೆ ಹೋದಾಗ ಅವನಿಗೆ 72 ವರ್ಷ, ವೇದಿಕೆಯ ಮೇಲೆ ಒಂದು ಕುರ್ಚಿ, ಒಂದು ಗಿಟಾರ್, ಜಪಾನೀಯರ ಚಪ್ಪಾಳೆ ನಿಲ್ಲುವ ಲಕ್ಷಣವೇ ಇರಲಿಲ್ಲ. ಅಲ್ಲಿ ಗೆಟ್ಜ್ ಇರಲಿಲ್ಲ.

ಎಲ್‌ಪಿ ಪೆಟ್ಟಿಗೆ:

ಇರಲು ಸಾಧ್ಯವೂ ಇರಲಿಲ್ಲ, ಗೆಟ್ಜ್ 1991ರಲ್ಲೇ ತೀರಿಕೊಂಡಿದ್ದ. ಸತ್ತವನ ಮೇಲೆ ಇಷ್ಟು ಸಿಟ್ಟೇ ಮಾರಾಯರೇ!

ಹೊಸ ಕೇಳುಗ:

ದೊಡ್ಡವರ ಜಗಳದ ನಡುವೆ ಬಾಯಿ ಹಾಕುತ್ತೇನೆ. ಒಂದು ಸಂಜೆಯಲ್ಲಿ ಕೇಳಿ ಮುಗಿಸುವಷ್ಟು, ಈ ವಾದವೆಲ್ಲ ಕಿವಿಗೆ ತಿಳಿಯುವ ಹಾಗೆ ಏನು ಕೇಳಲಿ?

ಗಿಟಾರ್ ಮೇಷ್ಟ್ರು:

'ದೆಸಾಫಿನಾದೊ' ಒಂದೇ ಹಾಡು ಸಾಕು, ಮೂರು ಸಲ ಕೇಳಿ. ನೀನು ಬೇಸುರು ಹಾಡುತ್ತೀಯ ಎಂದು ದೂರುವ ಪ್ರೇಯಸಿಗೆ ಪ್ರೇಮಿ ಕೊಡುವ ಉತ್ತರ ಅದು. ಜೊಬಿಮ್ ಮತ್ತು ಮೆಂಡೊನ್ಸಾ ಅದರ ರಾಗವನ್ನು ಎರಡನೆಯ ಕಾರ್ಡ್ ಹತ್ತಿರ ಬೇಕೆಂದೇ ಕಿವಿಗೆ ಎಡವುವ ಸ್ವರದ ಮೇಲೆ ಇಳಿಸಿದ್ದಾರೆ.

ಮೊದಲು ಜೊವಾವ್ 1959ರ ಆಲ್ಬಂನಲ್ಲಿ ಹಾಡಿದ್ದು. ಎರಡು ನಿಮಿಷದಲ್ಲಿ ಮುಗಿಯುತ್ತದೆ, ಆ ಎಡವುವ ಸ್ವರವನ್ನು ಸೂಜಿ ಮೊನೆಯಷ್ಟು ಕರಾರುವಾಕ್ಕಾಗಿ ಹಿಡಿಯುತ್ತಾರೆ. ಆಮೇಲೆ 1962ರ ಜಾಜ್ ಸಾಂಬಾದ್ದು. ರಾಗವನ್ನು ಗೆಟ್ಜ್ ಹೇಳುತ್ತಾರೆ, ಬರ್ಡ್ ಗಿಟಾರ್ ಚುರುಕಾಗಿದೆ, ಕೆಳಗೆ ಇಬ್ಬರು ಡ್ರಮ್ಮರ್‌ಗಳು. ಸುಖವಾಗಿದೆ, ಸ್ವಲ್ಪ ಗಡಿಬಿಡಿ. ಕೊನೆಗೆ 1963ರದ್ದು. ಹದಿಮೂರು ತಿಂಗಳ ಹಿಂದೆ ಅದೇ ಹಾಡನ್ನು ತಾವೇ ಶುರು ಮಾಡಿದ್ದ ಗೆಟ್ಜ್ ಈ ಸಲ ಕಾಯುತ್ತಾರೆ. ಜೊವಾವ್ ಇಡೀ ಹಾಡನ್ನು ಹಾಡಿ ಮುಗಿಸುತ್ತಾರೆ, ಆಮೇಲೆ ಸ್ಯಾಕ್ಸೊಫೋನ್ ಬರುತ್ತದೆ. ಕಾದವನ ವಾದನದಲ್ಲಿ ಉಸಿರು ಬೇರೆ ಇರುತ್ತದೆ. ಗಮನಿಸಿ.

ಎಲ್‌ಪಿ ಪೆಟ್ಟಿಗೆ:

ನನಗೆ 1962ರದ್ದೇ ಹೆಚ್ಚು ಇಷ್ಟ. ಗಡಿಬಿಡಿ ಎಂದರಲ್ಲ ಮೇಷ್ಟ್ರೇ, ಅದು ಹೊಸ ಆಟಿಕೆ ಸಿಕ್ಕವರ ಉತ್ಸಾಹ.

ಲಯಗಾರ:

ಕೇಳುವಾಗ ಸ್ಯಾಕ್ಸೊಫೋನ್ ಬಂದ ಮೇಲೂ ಕಿವಿಯನ್ನು ಕೋಲಿನ ಪೆಟ್ಟಿನ ಮೇಲೇ ಇಡಿ. ಅದು ಹಿಡಿಸಿದರೆ ಮಿಲ್ಟನ್ ಬನಾನಾ 1960ರ ದಶಕದ ನಡುವಿನಿಂದ ತನ್ನದೇ ಹೆಸರಿನ ಮೂವರ ತಂಡ ಕಟ್ಟಿ ಓಡಿಯನ್ ಕಂಪನಿಗೆ ಮಾಡಿದ ಆಲ್ಬಂಗಳಿವೆ. ಪಿಯಾನೊ, ಬಾಸ್, ಡ್ರಮ್ಸ್ ಅಷ್ಟೇ, ಹಾಡುಗಾರರಿಲ್ಲ. ಹೆಡ್‌ಫೋನ್ ಹಾಕಿಕೊಂಡು ಕೇಳಿ, ಸಣ್ಣ ಸ್ಪೀಕರಿನಲ್ಲಿ ಕೆಳಗಿನ ದನಿ ಕಳೆದುಹೋಗುತ್ತದೆ.